ಯಾವ ರಾಡ್ ಗಟ್ಟಿ? ಸೊಂಟದ ಮುರಿತಕ್ಕೆ ಹಾಕುವ ಲೋಹದ ಒಳಲೆಕ್ಕ

ಕಳೆದ ಮಳೆಗಾಲದಲ್ಲಿ ನಮ್ಮ ದೊಡ್ಡಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ವಯಸ್ಸು 74. ಎಬ್ಬಿಸಲು ಹೋದರೆ ಕೂಗಿಕೊಂಡರು. ಮಲಗಿಸಿ ನೋಡಿದಾಗ ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿ ಕಾಣುತ್ತಿತ್ತು, ಪಾದ ಹೊರಕ್ಕೆ ವಾಲಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು, 'ಸೊಂಟದ ಹತ್ತಿರ ತೊಡೆಮೂಳೆ ಮುರಿದಿದೆ, ಆಪರೇಷನ್ ಆಗಲೇಬೇಕು' ಎಂದರು. ಅರ್ಧ ಗಂಟೆಯಲ್ಲಿ ಇನ್ನೊಬ್ಬರು ಒಂದು ಹಾಳೆ ಹಿಡಿದು ಬಂದರು. ಅದರಲ್ಲಿ ಮೂರು ಸಾಲು. ಪ್ಲೇಟು-ಸ್ಕ್ರೂ, ನಮ್ಮ ದೇಶದ ರಾಡ್, ಹೊರದೇಶದ ರಾಡ್. ಪ್ರತಿ ಸಾಲಿನ ಮುಂದೆ ಒಂದೊಂದು ಬೆಲೆ. ಮೊದಲನೆಯದಕ್ಕೂ ಕೊನೆಯದಕ್ಕೂ ಎರಡು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. 'ಮನೆಯವರು ಮಾತಾಡಿಕೊಂಡು ಹೇಳಿ' ಎಂದು ಹೊರಟುಹೋದರು.

ದೊಡ್ಡಮ್ಮನ ಮಗ, ನನಗೆ ಅಣ್ಣ, ನನ್ನ ಮುಖ ನೋಡಿದ. 'ನೀನು ಮೆಕ್ಯಾನಿಕಲ್ ಓದಿದವನಲ್ವಾ, ಯಾವುದು ಗಟ್ಟಿ ಹೇಳೋ.'

ನಾನು ಡಿಪ್ಲೊಮಾ ಹುಡುಗರಿಗೆ ಲೋಹದ ಬಲದ ಪಾಠ ಮಾಡುವವನು. ಕಂಬಿ ಎಷ್ಟು ಭಾರಕ್ಕೆ ಬಗ್ಗುತ್ತದೆ, ಎಷ್ಟು ಸಲ ಬಗ್ಗಿದರೆ ಮುರಿಯುತ್ತದೆ ಎಂದು ವರ್ಷವಿಡೀ ಬೋರ್ಡ್ ಮೇಲೆ ಲೆಕ್ಕ ಮಾಡುತ್ತೇನೆ. ಆದರೂ ಅವತ್ತು ಬಾಯಿ ಬರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಇದನ್ನೇ ಓದಿದೆ, ಮೂಳೆ ಡಾಕ್ಟರುಗಳನ್ನು ಕೇಳಿದೆ. ತಿಳಿದದ್ದು ಇಷ್ಟು. ಸೊಂಟದ ಮುರಿತ ಅಲುಗದೆ ನಿಲ್ಲುವುದರಲ್ಲಿ ಲೋಹದ ಪಾಲು ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಮೂಳೆ ಹೇಗೆ ಮುರಿದಿದೆ, ಅದನ್ನು ಎಷ್ಟು ಸರಿಯಾಗಿ ಕೂಡಿಸಿದ್ದಾರೆ, ಸ್ಕ್ರೂ ತುದಿ ಎಲ್ಲಿ ನಿಂತಿದೆ, ಈ ಮೂರರದ್ದು ಜಾಸ್ತಿ. ಆದರೆ ಬೆಲೆಯ ಹಾಳೆಯಲ್ಲಿ ಈ ಮೂರೂ ಇರುವುದಿಲ್ಲ.

ಕೀಲಿನ ಮೇಲೆ ಬೀಳುವ ಭಾರ

ಒಂದು ಕಾಲ ಮೇಲೆ ನಿಂತರೆ ಸೊಂಟದ ಕೀಲಿನ ಮೇಲೆ ನಮ್ಮ ತೂಕದಷ್ಟೇ ಭಾರ ಬೀಳುತ್ತದೆ ಎಂದು ಅನಿಸುತ್ತದೆ. ಹಾಗಲ್ಲ. ತಕ್ಕಡಿ ನೆನೆಸಿಕೊಳ್ಳಿ. ತೊಡೆಮೂಳೆಯ ತುದಿಯಲ್ಲಿರುವ ಗುಂಡು, ಜನ 'ಬಾಲ್' ಎನ್ನುತ್ತಾರಲ್ಲ, ಅದು ತಕ್ಕಡಿಯ ನಡುವಿನ ಆಧಾರ. ಒಂದು ಕಡೆ ಉದ್ದನೆಯ ತೋಳು, ಅದರ ಮೇಲೆ ಮೈಯ ತೂಕ. ಇನ್ನೊಂದು ಕಡೆ ಗಿಡ್ಡ ತೋಳು, ಅಲ್ಲಿ ಸೊಂಟದ ಪಕ್ಕದ ಮಾಂಸಖಂಡ. ಗಿಡ್ಡ ತೋಳಿನಲ್ಲಿರುವವನು ತಕ್ಕಡಿ ಸಮ ಮಾಡಬೇಕಾದರೆ ತೂಕಕ್ಕಿಂತ ಜಾಸ್ತಿ ಎಳೆಯಬೇಕು. ತೂಕ, ಎಳೆತ ಎರಡೂ ಸೇರಿ ಗುಂಡಿನ ಮೇಲೆ ಕೂರುತ್ತವೆ.

ಇದನ್ನು ಅಳೆದೂ ನೋಡಿದ್ದಾರೆ. ಬರ್ಲಿನ್ನಿನ ಬೆರ್ಗ್‌ಮನ್ ಮತ್ತು ಜೊತೆಯವರು ಬದಲಿ ಕೀಲು ಹಾಕಿಸಿಕೊಂಡವರ ಕೀಲಿನ ಒಳಗೇ ಭಾರ ಅಳೆಯುವ ಸಾಧನ ಇಟ್ಟಿದ್ದರು. 2001ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಸಾಮಾನ್ಯ ನಡಿಗೆಯಲ್ಲಿ ಕೀಲಿನ ಮೇಲೆ ಮೈತೂಕದ ಸುಮಾರು 2.4 ಪಟ್ಟು ಬೀಳುತ್ತದೆ. ಮೆಟ್ಟಿಲು ಇಳಿಯುವಾಗ 2.6 ಪಟ್ಟು. ಎಡವಿದ ಗಳಿಗೆಯಲ್ಲಿ 8 ಪಟ್ಟು ದಾಟಿದ್ದೂ ಅವರ ದಾಖಲೆಯಲ್ಲಿದೆ. ನಮ್ಮ ದೊಡ್ಡಮ್ಮ 55 ಕೆಜಿ. ವಾಕರ್ ಬಿಟ್ಟು ನಡೆದರೆ ಹೆಜ್ಜೆಗೆ 130 ಕೆಜಿ.

ಹೆಜ್ಜೆ ಒಂದೆರಡಲ್ಲ. ದಿನಕ್ಕೆ 2 ಸಾವಿರ ಹೆಜ್ಜೆ ಹಾಕುವ ಅಜ್ಜಿಯ ಒಂದು ಕಾಲಿಗೆ ಸಾವಿರ. ಮೂರು ತಿಂಗಳಿಗೆ 90 ಸಾವಿರ. ತಂತಿಯನ್ನು ಒಂದೇ ಏಟಿಗೆ ಮುರಿಯಲು ಆಗದಿದ್ದರೂ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಪಟ್ಟನೆ ತುಂಡಾಗುತ್ತದೆ ಅಲ್ವಾ? ಎಷ್ಟೇ ದುಬಾರಿ ರಾಡ್ ಆಗಲಿ, ಮೂಳೆ ಕೂಡದಿದ್ದರೆ ಒಂದಲ್ಲ ಒಂದು ದಿನ ಅದಕ್ಕೂ ಇದೇ ಗತಿ. ಸಾಮಾನ್ಯವಾಗಿ ಮುರಿಯುವುದು ಸ್ಕ್ರೂ ಹಾದುಹೋಗಲು ರಾಡಿನಲ್ಲಿ ಕೊರೆದ ದೊಡ್ಡ ತೂತಿನ ಹತ್ತಿರ, ಯಾಕೆಂದರೆ ಲೋಹ ಅಲ್ಲೇ ಸಣ್ಣ.

ತಾರಸಿ ಹಾಕುವಾಗ ಸೆಂಟ್ರಿಂಗ್ ಹೊಡೆಯುತ್ತಾರಲ್ಲ, ಮುರಿದ ಮೂಳೆಗೆ ಹಾಕುವ ಲೋಹದ್ದೂ ಅದೇ ಕೆಲಸ. ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹೊತ್ತು ನಿಲ್ಲಬೇಕು. ಹೊರುವಷ್ಟು ದಿನ ಜಾಗ ಬಿಟ್ಟು ಕದಲಬಾರದು. ಜೀವಮಾನವಿಡೀ ಮನೆ ಹೊರುವುದು ಸೆಂಟ್ರಿಂಗಿನ ಕೆಲಸವಲ್ಲ.

ಮುರಿದದ್ದು ಎಲ್ಲಿ

'ಸೊಂಟ ಮುರಿದಿದೆ' ಎಂದು ನಾವು ಒಂದೇ ಮಾತಲ್ಲಿ ಹೇಳುತ್ತೇವೆ. ಡಾಕ್ಟರುಗಳಿಗೆ ಅದು ಎರಡು ಬೇರೆ ಬೇರೆ ಕಾಯಿಲೆ ಇದ್ದ ಹಾಗೆ.

ಗುಂಡಿನ ಕೆಳಗೆ ಒಂದು ಕತ್ತು ಇದೆ. ಕತ್ತಿನ ಬುಡದಲ್ಲಿ ಎರಡು ಉಬ್ಬು, ಹೊರಗಡೆ ದೊಡ್ಡದು, ಒಳಗಡೆ ಚಿಕ್ಕದು. ಕತ್ತು ಮುರಿದರೆ ಗುಂಡಿಗೆ ಹೋಗುವ ರಕ್ತನಾಳಗಳೂ ಹರಿಯಬಹುದು. ಆಗ ಎಷ್ಟೇ ಬಿಗಿಯಾಗಿ ಸ್ಕ್ರೂ ಹೊಡೆದರೂ ಗುಂಡು ಒಳಗೇ ಸತ್ತುಹೋಗುವ ಭಯ ಇರುತ್ತದೆ. ಉಬ್ಬುಗಳ ನಡುವೆ ಮುರಿದರೆ ಆ ಭಯ ಕಡಿಮೆ. ಅಲ್ಲಿ ರಕ್ತ ಚೆನ್ನಾಗಿ ಹರಿಯುತ್ತದೆ, ಮೂಳೆ ಸಾಮಾನ್ಯವಾಗಿ ಕೂಡುತ್ತದೆ. ಆದರೆ ಕೂಡುವ ಮೊದಲೇ ಮುರಿತ ಕುಸಿಯಬಹುದು, ಗುಂಡು ಕೆಳಗೆ ಬಾಗಬಹುದು, ಕಾಲು ಗಿಡ್ಡವಾಗಬಹುದು. ಪ್ಲೇಟೋ ರಾಡೋ ಎಂಬ ವಾದವೆಲ್ಲ ಈ ಎರಡನೇ ಜಾತಿಯ ಮುರಿತದ್ದು. ದೊಡ್ಡಮ್ಮನದು ಅದೇ.

ಜಗ್ಗದ ಲೋಹದ ಕಥೆ

ಈ ವಾದ ಅರ್ಥವಾಗಬೇಕಾದರೆ ಒಂದು ಹಳೇ ಸೋಲನ್ನು ನೋಡಬೇಕು. 1941ರಲ್ಲಿ ಅಮೆರಿಕದಲ್ಲಿ ಜೂಯೆಟ್ ಎಂಬ ಸರ್ಜನ್ ಗುಂಡಿನೊಳಗೆ ಹೋಗುವ ಮೊಳೆ, ತೊಡೆಯ ಪಕ್ಕ ಕೂರುವ ಪ್ಲೇಟು ಎರಡನ್ನೂ ಸೇರಿಸಿ ಒಂದೇ ತುಂಡು ಮಾಡಿದರು. ಅದರಲ್ಲಿ ಯಾವ ಭಾಗವೂ ಅಲುಗುವುದಿಲ್ಲ. ಎಂಜಿನಿಯರ್ ಕಣ್ಣಿಗೆ ಬಹಳ ಚೆಂದ. ಆದರೆ ಪುಡಿಯಾದ ಮೂಳೆ ಭಾರ ಬಿದ್ದಾಗ ಸ್ವಲ್ಪ ಕುಸಿದೇ ಕುಸಿಯುತ್ತದೆ. ಮೂಳೆ ಕೆಳಗಿಳಿಯಿತು, ಮೊಳೆ ಇಳಿಯಲಿಲ್ಲ. ಮೊಳೆಯ ತುದಿ ಗುಂಡನ್ನು ತೂರಿಕೊಂಡು ಕೀಲಿನೊಳಗೆ ಬಂತು.

ಇದಕ್ಕೆ ಉತ್ತರವಾಗಿ ಬಂದದ್ದು ಜಾರುವ ಸ್ಕ್ರೂ. ನಮ್ಮ ಆಸ್ಪತ್ರೆಗಳಲ್ಲಿ ಡಿಎಚ್‌ಎಸ್ ಎನ್ನುವುದು ಇದನ್ನೇ. ಪ್ಲೇಟಿಗೆ ಒಂದು ಕೊಳವೆ ಇರುತ್ತದೆ. ಗುಂಡಿನೊಳಗೆ ಕೂತ ದಪ್ಪ ಸ್ಕ್ರೂವಿನ ಹಿಂಬದಿ ಆ ಕೊಳವೆಯಲ್ಲಿ ಮಡಚುವ ಕೊಡೆಯ ಹಿಡಿಯಂತೆ ಹಿಂದಕ್ಕೆ ಸರಿಯಬಲ್ಲದು. ಭಾರ ಬಿದ್ದಾಗ ಸ್ಕ್ರೂ ಸರಿಯುತ್ತದೆ, ಮುರಿದ ಎರಡು ಮುಖ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಒತ್ತಿಕೊಂಡ ಮೇಲೆ ಭಾರದ ಒಂದು ಪಾಲನ್ನು ಮೂಳೆಯೇ ಹೊರಲು ಶುರು ಮಾಡುತ್ತದೆ. ಬೇಕಾದ ದಿಕ್ಕಿನಲ್ಲಿ, ಬೇಕಾದಷ್ಟೇ ಜಗ್ಗುವುದು ಇಲ್ಲಿ ಒಳ್ಳೇ ಗುಣ.

ಇತ್ತೀಚೆಗೂ ಇದೇ ಪಾಠ ಇನ್ನೊಂದು ಸಲ ಆಯಿತು. ಸ್ಕ್ರೂ ತಲೆಗಳು ಪ್ಲೇಟಿಗೇ ಬಿಗಿದುಕೊಳ್ಳುವ ಲಾಕಿಂಗ್ ಪ್ಲೇಟುಗಳು ಬಂದಾಗ ಸೊಂಟಕ್ಕೂ ಅವನ್ನು ಹಾಕಿ ನೋಡಿದರು. ಯಂತ್ರದ ಮೇಲೆ ಇಟ್ಟರೆ ಬಹಳ ಬಿಗಿ. ಜನರ ಮೈಯಲ್ಲಿ ಸ್ಕ್ರೂ ಮುರಿದವು, ಗುಂಡು ಬಾಗಿತು. ಈಗ ಉಬ್ಬುಗಳ ನಡುವಿನ ಮುರಿತಕ್ಕೆ ಅದನ್ನು ಮೊದಲ ಆಯ್ಕೆ ಎಂದು ಹೇಳುವವರು ಕಡಿಮೆ.

ರಾಡ್ ಯಾಕೆ ಬಂತು

ಪ್ಲೇಟು ಮೂಳೆಯ ಹೊರಗೆ, ಪಕ್ಕದಲ್ಲಿ ಕೂರುತ್ತದೆ. ರಾಡ್ ಮೂಳೆಯ ಒಳಗೆ, ಮಜ್ಜೆಯ ಕೊಳವೆಯಲ್ಲಿ ಕೂರುತ್ತದೆ. ಅದರ ಮೇಲ್ತುದಿಯ ತೂತಿನ ಮೂಲಕ ಸ್ಕ್ರೂ ಗುಂಡಿಗೆ ಹೋಗುತ್ತದೆ. 1980ರ ದಶಕದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ರೂಪ ಪಡೆದ ಗಾಮಾ ನೇಲ್ ಈ ಜಾತಿಯ ಹಿರಿಯ. 1990ರ ದಶಕದಲ್ಲಿ ಪಿಎಫ್‌ಎನ್ ಬಂತು, ಆಮೇಲೆ ಪಿಎಫ್‌ಎನ್‌ಎ. ನಮ್ಮ ಊರುಗಳಲ್ಲಿ 'ರಾಡ್ ಹಾಕಿದ್ದಾರೆ' ಎಂದರೆ ಬಹುತೇಕ ಇವುಗಳಲ್ಲಿ ಒಂದು.

ಇದರ ಲಾಭವನ್ನು ಎರಡು ಗುಣಾಕಾರದಲ್ಲಿ ಹೇಳಬಹುದು. ಬಾಗಿಸುವ ಶಕ್ತಿ ಅಂದರೆ ಭಾರವನ್ನು ದೂರದಿಂದ ಗುಣಿಸಿದ್ದು. ಗೋಡೆಯಿಂದ ದೂರ ಚಾಚಿದ ಸಜ್ಜಾ ಜಾಸ್ತಿ ಬಾಗುವುದು ಇದಕ್ಕೇ. ಭಾರದ ಗೆರೆಯಿಂದ ಪ್ಲೇಟು 7 ಸೆಂಟಿಮೀಟರ್ ದೂರ, ರಾಡ್ 4.5 ಸೆಂಟಿಮೀಟರ್ ದೂರ ಎಂದು ಲೆಕ್ಕಕ್ಕೆ ಹಿಡಿಯೋಣ. 130 ಕೆಜಿ ಭಾರಕ್ಕೆ ಪ್ಲೇಟಿನ ಮೇಲೆ 910 ಕೆಜಿ-ಸೆಂಟಿಮೀಟರ್, ರಾಡಿನ ಮೇಲೆ 585. ಮೂರನೇ ಒಂದು ಪಾಲಿಗಿಂತ ಜಾಸ್ತಿ ಉಳಿತಾಯ. ಲೋಹ ಬದಲಿಸದೆ, ಕೂರುವ ಜಾಗ ಬದಲಿಸಿದ್ದರಿಂದಲೇ ಇಷ್ಟು.

ಇನ್ನೊಂದು ಲಾಭ ಇದಕ್ಕಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೆ ಹೊರಗೋಡೆಯ ಕಥೆ ಹೇಳಬೇಕು.

ಆ ಸಂಜೆ ಸರ್ಜನ್ ಬಂದಾಗ ನಾವು ಮೂರು ಸಾಲಿನ ಹಾಳೆ ಮುಂದಿಟ್ಟೆವು. ಅವರು ಅದನ್ನು ಪಕ್ಕಕ್ಕೆ ಸರಿಸಿ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದರು. ಜೇಬಿನಿಂದ ಪೆನ್ನು ತೆಗೆದು ದೊಡ್ಡ ಉಬ್ಬಿನ ಕೆಳಗೆ, ತೊಡೆಯ ಹೊರ ಅಂಚಿನಲ್ಲಿ ಒಂದು ಗೆರೆ ಎಳೆದರು. 'ನೋಡಿ ಸರ್, ಸ್ಕ್ರೂ ಹಿಂದಕ್ಕೆ ಜಾರಿದಾಗ ಮೇಲಿನ ತುಂಡು ಬಂದು ಒರಗಬೇಕಾದದ್ದು ಈ ಗೋಡೆಗೆ. ಅಜ್ಜಿಗೆ ಇದು ತೆಳ್ಳಗಿದೆ. ಪ್ಲೇಟು ಹಾಕಲು ನಾನು ಇಲ್ಲೇ ದೊಡ್ಡ ತೂತು ಕೊರೆಯಬೇಕು. ಕೊರೆಯುವಾಗಲೇ ಒಡೆದರೆ ಒರಗಲು ಏನೂ ಇರುವುದಿಲ್ಲ.' ಒಳಗಡೆಯ ಚಿಕ್ಕ ಉಬ್ಬೂ ತುಂಡಾಗಿ ಬೇರೆ ನಿಂತಿತ್ತು. ಅದನ್ನೂ ತೋರಿಸಿದರು. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ.

ಅವರು ಹೇಳಿದ್ದಕ್ಕೆ ಗಟ್ಟಿ ಆಧಾರ ಇದೆ. 2007ರಲ್ಲಿ ಡೆನ್ಮಾರ್ಕಿನ ಪಾಮ್ ಮತ್ತು ಜೊತೆಯವರು ಡಿಎಚ್‌ಎಸ್ ಹಾಕಿದ 214 ರೋಗಿಗಳ ಲೆಕ್ಕ ಪ್ರಕಟಿಸಿದರು. ಹೊರಗೋಡೆ ಉಳಿದವರಲ್ಲಿ ಆರು ತಿಂಗಳೊಳಗೆ ಮತ್ತೆ ಆಪರೇಷನ್ ಆದದ್ದು ನೂರಕ್ಕೆ 3 ಮಂದಿಗೆ. ಗೋಡೆ ಒಡೆದವರಲ್ಲಿ ನೂರಕ್ಕೆ 22. ಅದಕ್ಕಿಂತ ಎದೆಗೆ ನಾಟುವ ಅಂಕಿ ಇನ್ನೊಂದಿದೆ. ಒಡೆದ ಗೋಡೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಒಡೆದದ್ದು ಬಿದ್ದಾಗ ಅಲ್ಲ, ಆಪರೇಷನ್ ಮಾಡುವಾಗ. 2013ರಲ್ಲಿ ತೈವಾನಿನ ಒಂದು ತಂಡ ಗೋಡೆಯ ದಪ್ಪವನ್ನೇ ಅಳೆದು 20.5 ಮಿಲಿಮೀಟರ್ ಎಂಬ ಗಡಿ ಹೇಳಿತು. ಅದಕ್ಕಿಂತ ತೆಳ್ಳಗಿದ್ದರೆ ಡಿಎಚ್‌ಎಸ್ ಮಾತ್ರವೇ ಸಾಲದು ಎಂಬುದು ಅವರ ಸಲಹೆ.

ರಾಡ್ ಇದ್ದರೆ ಮೇಲಿನ ತುಂಡು ಜಾರಿ ಬಂದು ರಾಡಿಗೇ ಒರಗುತ್ತದೆ. ಲೋಹದ ಗೋಡೆ ಒಳಗೇ ನಿಂತ ಹಾಗೆ. ಮುರಿತದ ಗೆರೆ ತಿರುವುಮುರುವಾಗಿದ್ದಾಗ, ಅಂದರೆ ಒಳಗಿನಿಂದ ಹೊರಕ್ಕೆ ಕೆಳಮುಖವಾಗಿ ಓಡಿದಾಗ, ಇದು ಬಹಳ ದೊಡ್ಡ ವ್ಯತ್ಯಾಸ. ಅಂಥ ಮುರಿತದಲ್ಲಿ ಡಿಎಚ್‌ಎಸ್ ಜಾರುವ ದಿಕ್ಕೂ ಮುರಿತದ ಗೆರೆಯೂ ಒಂದೇ ಆಗಿಬಿಡುತ್ತವೆ. ಒತ್ತಿಕೊಳ್ಳುವ ಬದಲು ತುಂಡುಗಳು ಒಂದರ ಪಕ್ಕ ಒಂದು ಜಾರಿ ಹೋಗುತ್ತವೆ. ಅಮೆರಿಕದ ಮೇಯೋ ಕ್ಲಿನಿಕ್ಕಿನವರು 2001ರಲ್ಲಿ ಪ್ರಕಟಿಸಿದ ದಾಖಲೆಯಲ್ಲಿ ಇಂಥ ಮುರಿತಕ್ಕೆ ಜಾರುವ ಸ್ಕ್ರೂ ಹಾಕಿದ 16 ರೋಗಿಗಳಲ್ಲಿ 9 ಮಂದಿಗೆ ಅದು ಸೋತಿತ್ತು. ಇಲ್ಲಿ ಚರ್ಚೆಯೇ ಇಲ್ಲ. ರಾಡೇ ಬೇಕು.

ಹಾಗಾದರೆ ಎಲ್ಲರಿಗೂ ರಾಡ್ ಹಾಕಿಬಿಡೋಣ ಅನಿಸುತ್ತದೆ. ಅನೇಕ ಕಡೆ ಹಾಗೇ ಆಗಿದೆ. ಅಮೆರಿಕದಲ್ಲಿ ತಜ್ಞರೆಂದು ಮಾನ್ಯತೆ ಕೊಡುವ ಬೋರ್ಡ್ ಪರೀಕ್ಷೆಗೆ ಕೂತ ಯುವ ಮೂಳೆ ಸರ್ಜನ್ನರು ಈ ಮುರಿತಕ್ಕೆ ರಾಡ್ ಹಾಕುತ್ತಿದ್ದದ್ದು 1999ರಲ್ಲಿ ನೂರಕ್ಕೆ 3. 2006ಕ್ಕೆ ಅದು ನೂರಕ್ಕೆ 67. ಏಳು ವರ್ಷದಲ್ಲಿ ಮೂಳೆ ಬದಲಾಗಿರಲಿಲ್ಲ, ಮುರಿತದ ರೀತಿಯೂ ಬದಲಾಗಿರಲಿಲ್ಲ. ಯಾವ ಚಿಕಿತ್ಸೆ ಸರಿ ಎಂದು ಆಸ್ಪತ್ರೆಗಳಿಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2011ರಲ್ಲಿ ಹೇಳಿದ್ದು ಇದಕ್ಕೆ ಉಲ್ಟಾ. ಉಬ್ಬುಗಳ ನಡುವಿನ ಸಾಮಾನ್ಯ ಮುರಿತಕ್ಕೆ ಜಾರುವ ಸ್ಕ್ರೂವನ್ನೇ ಮೊದಲು ಆರಿಸಿ, ಉಬ್ಬುಗಳ ಕೆಳಗಿನ ಮುರಿತಕ್ಕೆ ರಾಡ್ ಬಳಸಿ ಎಂದಿತು.

ಕಾಕ್ರೇನ್ ಎಂಬ ಸಂಶೋಧಕರ ಜಾಲದ 2022ರ ವಿಮರ್ಶೆ 76 ಅಧ್ಯಯನಗಳನ್ನು, 10,979 ರೋಗಿಗಳನ್ನು ಒಟ್ಟಿಗೆ ನೋಡಿತು. ಸಾವಿನಲ್ಲಿ, ಆಮೇಲಿನ ಓಡಾಟದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರಾಡಿನಲ್ಲಿ ಗಾಯಕ್ಕೆ ಸೋಂಕು ಕಡಿಮೆ, ಮೂಳೆ ಕೂಡದೆ ಉಳಿಯುವುದು ಕಡಿಮೆ. ಆದರೆ ರಾಡ್ ಹಾಕುವಾಗ ಇಲ್ಲವೇ ಆಮೇಲೆ ಅದರ ಸುತ್ತಲೇ ತೊಡೆಮೂಳೆ ಹೊಸದಾಗಿ ಮುರಿಯುವುದು ಜಾಸ್ತಿ. ಎರಡು ತುಂಡಾಗಿ, ಗೋಡೆ ಗಟ್ಟಿಯಿರುವ ಸಾದಾ ಮುರಿತಕ್ಕೆ ಸರಿಯಾಗಿ ಹಾಕಿದ ಡಿಎಚ್‌ಎಸ್ ಇವತ್ತಿಗೂ ಒಳ್ಳೇ ಕೆಲಸ. ಅದನ್ನು 'ಹಳೇ ಕಾಲದ್ದು' ಎಂದು ಯಾರಾದರೂ ತಳ್ಳಿಹಾಕಿದರೆ ಕಾರಣ ಕೇಳಿ.

25 ಮಿಲಿಮೀಟರ್

ನನ್ನನ್ನು ಅತಿ ಹೆಚ್ಚು ಹಿಡಿದಿಟ್ಟದ್ದು ಈ ಸಂಖ್ಯೆ.

ವಯಸ್ಸಾದವರ ಗುಂಡಿನ ಒಳಗಿನ ಮೂಳೆ ರಸ್ಕಿನ ಹಾಗೆ ತೂತು ತೂತು. ಥರ್ಮಾಕೋಲಿಗೆ ಚುಚ್ಚಿದ ಪೆನ್ಸಿಲನ್ನು ಅಡ್ಡಕ್ಕೆ ಒತ್ತಿ ನೋಡಿ. ಪೆನ್ಸಿಲ್ ಮುರಿಯುವುದಿಲ್ಲ, ಥರ್ಮಾಕೋಲ್ ಸೀಳುತ್ತದೆ. ಸೊಂಟದಲ್ಲಿ ಆಗುವುದೂ ಬಹುಮಟ್ಟಿಗೆ ಇದೇ. ಪ್ಲೇಟಾಗಲಿ ರಾಡಾಗಲಿ, ಸೋಲುವ ರೀತಿಗಳಲ್ಲಿ ಮುಖ್ಯವಾದದ್ದು ಸ್ಕ್ರೂ ಗುಂಡನ್ನು ಸೀಳಿಕೊಂಡು ಮೇಲಕ್ಕೆ ಬರುವುದು. ಲೋಹ ಸರಿಯಾಗಿಯೇ ಇರುತ್ತದೆ, ಮೂಳೆ ಬಿಟ್ಟುಕೊಡುತ್ತದೆ.

1995ರಲ್ಲಿ ಅಮೆರಿಕದ ಬಾಮ್‌ಗಾರ್ಟ್ನರ್ ಮತ್ತು ಜೊತೆಯವರು 198 ಮುರಿತಗಳ ಎಕ್ಸ್‌ರೇ ಮುಂದಿಟ್ಟುಕೊಂಡು ಒಂದು ಸರಳ ಅಳತೆ ತೆಗೆದರು. ಸ್ಕ್ರೂ ತುದಿಯಿಂದ ಗುಂಡಿನ ನೆತ್ತಿಗೆ ಎಷ್ಟು ದೂರ? ಮುಂದಿನಿಂದ ತೆಗೆದ ಎಕ್ಸ್‌ರೇಯಲ್ಲಿ ಒಂದು ಸಲ, ಪಕ್ಕದಿಂದ ತೆಗೆದದ್ದರಲ್ಲಿ ಇನ್ನೊಂದು ಸಲ ಅಳೆದು ಎರಡನ್ನೂ ಕೂಡಿ. ಮೊತ್ತ 25 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದ 120 ಸ್ಕ್ರೂಗಳಲ್ಲಿ ಒಂದೂ ಸೀಳಿಕೊಂಡು ಬಂದಿರಲಿಲ್ಲ. ಬಂದದ್ದೆಲ್ಲ 25ಕ್ಕಿಂತ ಜಾಸ್ತಿ ಇದ್ದವು.

ಇದಕ್ಕೆ ಯಾವ ಕಂಪನಿಯ ಹೆಸರೂ ಬೇಡ, ಜಾಸ್ತಿ ದುಡ್ಡೂ ಬೇಡ. ಗುಂಡಿನ ನಟ್ಟನಡುವೆ, ನೆತ್ತಿಯ ಹತ್ತಿರದ ಗಟ್ಟಿ ಮೂಳೆಯವರೆಗೆ ಸ್ಕ್ರೂ ಹೋಗಬೇಕು ಅಷ್ಟೇ. ಅದು ಸರ್ಜನ್ನಿನ ಕೈಯಲ್ಲಿದೆ, ಪಕ್ಕದಲ್ಲಿ ನಿಂತ ಸಿ-ಆರ್ಮ್ ಎಕ್ಸ್‌ರೇ ಯಂತ್ರದಲ್ಲಿದೆ, ಮೊದಲ ತಂತಿ ಸರಿ ಕೂರದಿದ್ದರೆ ತೆಗೆದು ಮತ್ತೆ ಹಾಕುವ ತಾಳ್ಮೆಯಲ್ಲಿದೆ. ಅದಕ್ಕೂ ಮೊದಲು ಮುರಿದ ತುಂಡುಗಳನ್ನು ಸರಿಯಾಗಿ ಕೂಡಿಸಿರಬೇಕು. ಗುಂಡು ಕೆಳಗೆ ಬಾಗಿದ ಹಾಗೇ ಬಿಟ್ಟು ಎಂಥ ರಾಡ್ ಹಾಕಿದರೂ ಆ ರಾಡ್ ದಿನವೂ ಸೋಲಿನ ದಿಕ್ಕಿಗೇ ಎಳೆದಾಡಿಸಿಕೊಳ್ಳುತ್ತದೆ.

ಸ್ಕ್ರೂ ಬದಲು ಸುರುಳಿ ಬ್ಲೇಡ್ ಬಂದಿದೆ. ಕೊರೆಯದೆ ಸುತ್ತಿಗೆಯಲ್ಲಿ ಹೊಡೆದು ಕೂರಿಸುತ್ತಾರೆ. ತೂತುಮೂಳೆ ಪುಡಿಯಾಗಿ ಹೊರಬರುವ ಬದಲು ಅಲ್ಲೇ ಒತ್ತಿ ಬಿಗಿಯಾಗುತ್ತದೆ. ಗುಂಡು ತಿರುಗದಂತೆ ತಡೆಯುವುದರಲ್ಲಿ ಪ್ರಯೋಗಶಾಲೆಯಲ್ಲಿ ಇದು ಮುಂದೆ. ಆದರೆ ಇದರ ಸೋಲಿನ ರೀತಿಯೇ ಬೇರೆ. ಬ್ಲೇಡ್ ಮೇಲಕ್ಕೆ ಸೀಳುವ ಬದಲು ನೇರವಾಗಿ ಮುಂದೆ ತೂರಿ ಕೀಲಿಗೆ ಬರಬಹುದು. ಹಾಗಾಗಿ ನೆತ್ತಿಗೆ ತೀರಾ ಹತ್ತಿರ ಒಯ್ಯಬಾರದು ಎನ್ನುವವರಿದ್ದಾರೆ. ಎರಡು ಸ್ಕ್ರೂ ಇರುವ ಹಳೇ ಪಿಎಫ್‌ಎನ್‌ನಲ್ಲಿ ಇನ್ನೊಂದು ವಿಚಿತ್ರ. ಮೇಲಿನ ಸಣ್ಣ ಸ್ಕ್ರೂ ಒಳಕ್ಕೆ ಸಾಗಿ, ಕೆಳಗಿನ ದಪ್ಪ ಸ್ಕ್ರೂ ಹೊರಕ್ಕೆ ಬರುವುದುಂಟು. ಡಾಕ್ಟರುಗಳು ಇದಕ್ಕೆ 'ಝಡ್ ಎಫೆಕ್ಟ್' ಎನ್ನುತ್ತಾರೆ. ಭಾರತದಲ್ಲಿ ಎರಡು ಸ್ಕ್ರೂ ರಾಡ್ ಇನ್ನೂ ಬೇಕಾದಷ್ಟು ಬಳಕೆಯಲ್ಲಿದೆ. ನಮ್ಮವರ, ಅದರಲ್ಲೂ ಹೆಂಗಸರ, ಕತ್ತು ಸಣ್ಣ. ಎರಡನ್ನೂ ಸರಿಯಾದ ಜಾಗದಲ್ಲಿ ಕೂರಿಸಲು ಕೆಲವರಲ್ಲಿ ಜಾಗವೇ ಸಾಲುವುದಿಲ್ಲ. ಯುರೋಪಿನ ಅಳತೆಗೆ ಮಾಡಿದ ರಾಡ್ ಏಷ್ಯಾದವರ ಮೂಳೆಗೆ ಒಗ್ಗದೆ ಪಿಎಫ್‌ಎನ್‌ಎ-2 ಎಂಬ ಹೊರಬದಿ ಚಪ್ಪಟೆ ಮಾಡಿದ ಮಾದರಿ ತರಬೇಕಾಯಿತು. ಮೂಳೆಗೆ ಒಗ್ಗುವ ಅಳತೆ ಯಾವುದು ಎಂಬುದು 'ಇಂಪೋರ್ಟೆಡ್' ಎಂಬ ಮಾತಿಗಿಂತ ದೊಡ್ಡ ವಿಷಯ.

ಪ್ರಯೋಗಶಾಲೆಯ ಅಂಕಿ ಓದುವ ಬಗೆ

'ನಮ್ಮ ಇಂಪ್ಲಾಂಟ್ 30 ಪರ್ಸೆಂಟ್ ಜಾಸ್ತಿ ಭಾರ ತಡೆಯುತ್ತದೆ' ಎಂಬ ಮಾತು ಕೇಳಿದರೆ ಆ ಅಂಕಿ ಹುಟ್ಟಿದ ಜಾಗ ಗೊತ್ತಿರಬೇಕು. ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಇರುವಂಥದ್ದೇ ಒಂದು ಒತ್ತುವ ಯಂತ್ರ. ಅದರಲ್ಲಿ ಒಂದು ತೊಡೆಮೂಳೆ. ಹಲವು ಸಲ ಅದು ನಿಜವಾದ ಮೂಳೆ ಕೂಡ ಅಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ವ್ಯಾಶನ್ ದ್ವೀಪದಲ್ಲಿ ತಯಾರಾಗುವ ಸಾಬೋನ್ಸ್ ಎಂಬ ಕೃತಕ ಮೂಳೆ, ಹೊರಗೆ ಗಾಜುನಾರು, ಒಳಗೆ ಫೋಮ್. ಒಂದರ ಹಾಗೆ ಇನ್ನೊಂದು ಇರುತ್ತದೆ, ಹೋಲಿಸಲು ಅನುಕೂಲ. ಅದನ್ನು ಗರಗಸದಲ್ಲಿ ನೀಟಾಗಿ ಕೊಯ್ದು, ಇಂಪ್ಲಾಂಟನ್ನು ಸರಿಯಾದ ಜಾಗದಲ್ಲೇ ಹಾಕಿ, ಮೇಲಿನಿಂದ ಸಾವಿರಾರು ಸಲ ಒತ್ತುತ್ತಾರೆ. ಎಷ್ಟು ಸಲಕ್ಕೆ, ಎಷ್ಟು ಭಾರಕ್ಕೆ ಸೋತಿತು ಎಂದು ಬರೆದುಕೊಳ್ಳುತ್ತಾರೆ.

ಕೆಟ್ಟ ಪರೀಕ್ಷೆಯಲ್ಲ. ನಾನಾದರೂ ಹಾಗೇ ಮಾಡುತ್ತಿದ್ದೆ. ಆದರೆ ಏನನ್ನು ಹೊರಗಿಟ್ಟಿದ್ದಾರೆ ನೋಡಿ. ಬಿದ್ದು ಮುರಿದ ಮೂಳೆಗೆ ಗರಗಸದ ನೀಟು ಇಲ್ಲ. ಎಳೆಯುವ ಮಾಂಸಖಂಡಗಳಲ್ಲಿ ಬಹಳಷ್ಟು ಇಲ್ಲಿಲ್ಲ. ದಿನದಿಂದ ದಿನಕ್ಕೆ ಮೂಳೆ ಕೂಡುತ್ತಾ ಬರುವುದೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಮಾದರಿಯಲ್ಲೂ ಸ್ಕ್ರೂ ಸರಿಯಾದ ಜಾಗದಲ್ಲೇ ಇದೆ. ಆಸ್ಪತ್ರೆಯಲ್ಲಿ ಸೋಲು-ಗೆಲುವು ಬಹಳ ಮಟ್ಟಿಗೆ ತೀರ್ಮಾನ ಆಗುವುದು ಯಾವುದರಿಂದಲೋ ಅದನ್ನೇ ಪರೀಕ್ಷೆಯಿಂದ ತೆಗೆದುಹಾಕಿದ ಹಾಗಾಯಿತು. ಕಂಪ್ಯೂಟರಿನಲ್ಲಿ ಮೂಳೆಯ ಚಿತ್ರ ಕಟ್ಟಿ ಮಾಡುವ ಲೆಕ್ಕಗಳಿಗೂ ಇದೇ ಮಾತು. ಸ್ಕ್ರೂ ಮತ್ತು ಮೂಳೆ ಅಂಟಿಕೊಂಡೇ ಇವೆ ಎಂದು ಮೊದಲೇ ಊಹಿಸಿದರೆ, ಸ್ಕ್ರೂ ಕಳಚಿಕೊಳ್ಳುವುದು ಆ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ಕತ್ತಿನ ಮುರಿತದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕತ್ತಿನ ಮುರಿತದ ಗೆರೆ ಎಷ್ಟು ಕಡಿದಾಗಿದೆ ಎಂದು 1935ರಲ್ಲೇ ಪಾವೆಲ್ಸ್ ಎಂಬ ಜರ್ಮನ್ ಸರ್ಜನ್ ವಿಂಗಡಿಸಿದ್ದರು. ಮಟ್ಟಸ ಗೆರೆಯಿಂದ 30 ಡಿಗ್ರಿ ಒಳಗಿದ್ದರೆ ಭಾರ ಬಿದ್ದಾಗ ಮುಖಗಳು ಒತ್ತಿಕೊಳ್ಳುತ್ತವೆ, 50 ದಾಟಿದರೆ ಜಾರುತ್ತವೆ. ಕಡಿದಾದ ಮುರಿತಕ್ಕೆ ಪ್ಲೇಟಿಲ್ಲದೆ ಬರೀ ಮೂರು ಸ್ಕ್ರೂ ಸಾಲದು ಎಂದು ಪ್ರಯೋಗಶಾಲೆ ಮತ್ತೆ ಮತ್ತೆ ಹೇಳಿದೆ. 2017ರಲ್ಲಿ 20 ಜೊತೆ ದಾನದ ತೊಡೆಮೂಳೆಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಎಫ್‌ಎನ್‌ಎಸ್ ಎಂಬ ಹೊಸ ಇಂಪ್ಲಾಂಟ್ ಡಿಎಚ್‌ಎಸ್ ಜೊತೆ ಹೆಚ್ಚುಕಮ್ಮಿ ಸಮನಾಗಿ ನಿಂತಿತು, ಮೂರು ಸ್ಕ್ರೂ ಹಿಂದೆ ಬಿತ್ತು. ಅದೇ ವರ್ಷ ಫೇತ್ ಎಂಬ ದೊಡ್ಡ ಅಧ್ಯಯನದ ಫಲವೂ ಬಂತು. ಭಾರತವೂ ಸೇರಿ 8 ದೇಶಗಳ 1,100ಕ್ಕೂ ಹೆಚ್ಚು ರೋಗಿಗಳು, ಎಲ್ಲ ಬಗೆಯ ಕತ್ತಿನ ಮುರಿತ. ಜಾರುವ ಸ್ಕ್ರೂ ಹಾಕಿದವರಲ್ಲಿ ಎರಡು ವರ್ಷದೊಳಗೆ ಮತ್ತೆ ಆಪರೇಷನ್ ನೂರಕ್ಕೆ 20, ಸಾದಾ ಸ್ಕ್ರೂಗಳಲ್ಲಿ ನೂರಕ್ಕೆ 22. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಮೇಲಾಗಿ ಗುಂಡು ಸಾಯುವುದು ಜಾರುವ ಸ್ಕ್ರೂ ಹಾಕಿದವರಲ್ಲೇ ಜಾಸ್ತಿ ಕಂಡಿತು. ಆದರೆ ಬೀಡಿ-ಸಿಗರೇಟು ಸೇದುವವರಲ್ಲಿ, ಮುರಿತ ಜಾಗ ಬಿಟ್ಟು ಸರಿದವರಲ್ಲಿ, ಕತ್ತಿನ ಬುಡದಲ್ಲಿ ಮುರಿದವರಲ್ಲಿ ಜಾರುವ ಸ್ಕ್ರೂ ಮೇಲು ಎಂಬ ಸೂಚನೆಯೂ ಸಿಕ್ಕಿತು. ಎಲ್ಲರಿಗೂ ಅಲ್ಲದಿದ್ದರೂ ಕೆಲವರಿಗೆ ಬಿಗಿ ಬೇಕು ಎಂದಾಯಿತು.

ವಯಸ್ಸಾದವರಲ್ಲಿ ಕತ್ತು ಮುರಿದು ಜಾಗ ಬಿಟ್ಟು ಸರಿದಿದ್ದರೆ ಇದೆಲ್ಲ ಬಿಟ್ಟು ಗುಂಡನ್ನೇ ಬದಲಿಸುತ್ತಾರೆ. ಅಲ್ಲಿ ಲೋಹ ಸೆಂಟ್ರಿಂಗ್ ಅಲ್ಲ, ಮನೆಯೇ. ಬರೀ ಗುಂಡು ಬದಲಿಸಬೇಕೋ ಅದು ಕೂರುವ ಬಟ್ಟಲೂ ಸೇರಿಸಿ ಪೂರ್ತಿ ಕೀಲು ಬದಲಿಸಬೇಕೋ ಎಂದು 2019ರ ಹೆಲ್ತ್ ಅಧ್ಯಯನ 1,495 ರೋಗಿಗಳಲ್ಲಿ ನೋಡಿತು. ಎರಡು ವರ್ಷದೊಳಗಿನ ಮರು ಆಪರೇಷನ್‌ನಲ್ಲಿ ಅಂಥ ವ್ಯತ್ಯಾಸ ಸಿಗಲಿಲ್ಲ.

ಟೈಟಾನಿಯಂ ಗಟ್ಟಿ ಅಲ್ವಾ?

ಈ ಪ್ರಶ್ನೆ ನನಗೆ ಅತಿ ಹೆಚ್ಚು ಬಂದದ್ದು. ಬಗ್ಗದಿರುವುದರಲ್ಲಿ ಸ್ಟೀಲೇ ಮುಂದೆ. ಸ್ಟೀಲಿನ ಬಿಗಿತ 200 ಗಿಗಾಪಾಸ್ಕಲ್ ಹತ್ತಿರ, ಟೈಟಾನಿಯಂ ಮಿಶ್ರಲೋಹದ್ದು 110ರ ಹತ್ತಿರ. ಮೂಳೆಯ ಗಟ್ಟಿ ಹೊರಪದರದ್ದು 20ರ ಒಳಗೆ. ಟೈಟಾನಿಯಂ ಮೂಳೆಗೆ ಸ್ವಲ್ಪ ಹತ್ತಿರ, ಎಂಆರ್‌ಐ ಮಾಡುವಾಗ ಚಿತ್ರ ಕೆಡುವುದೂ ಕಡಿಮೆ. ಅವು ಅದರ ನಿಜವಾದ ಗುಣ. 'ಸ್ಟೀಲಿಗಿಂತ ಗಟ್ಟಿ, ಕಡಿಮೆ ಬಗ್ಗುತ್ತದೆ' ಎಂದು ಮಾರಿದರೆ ಅದು ತಪ್ಪು ಮಾತು. ಲೋಹದ ಜಾತಿಗಿಂತ ದಪ್ಪದ ಲೆಕ್ಕ ದೊಡ್ಡದು. ಕಂಬಿಯ ಬಗ್ಗದ ಗುಣ ಅದರ ವ್ಯಾಸದ ನಾಲ್ಕನೇ ಘಾತದಷ್ಟು ಏರುತ್ತದೆ. 10 ಮಿಲಿಮೀಟರ್ ಬದಲು 11 ಮಿಲಿಮೀಟರ್ ರಾಡ್ ಆದರೆ ಹೆಚ್ಚುಕಮ್ಮಿ ಒಂದೂವರೆ ಪಟ್ಟು.

ಹಾಳೆ ಕೈಗೆ ಬಂದಾಗ

ಮನೆಯವರಾಗಿ ನಾವು ಲೋಹ ಆರಿಸುವುದು ನನಗಂತೂ ಸರಿ ಕಾಣುವುದಿಲ್ಲ. ಅದು ಸರ್ಜನ್ನಿನ ಕೆಲಸ. ಆದರೆ ಕೇಳುವ ಹಕ್ಕು ನಮ್ಮದು. ಮುರಿತ ಎಷ್ಟು ತುಂಡಾಗಿದೆ, ಹೊರಗೋಡೆ ಹೇಗಿದೆ, ಅದನ್ನು ನೋಡಿ ನೀವು ಯಾವುದನ್ನು ಹೇಳುತ್ತೀರಿ ಮತ್ತು ಯಾಕೆ ಎಂದು ಕೇಳಬಹುದು. ಆಪರೇಷನ್ ಆದಮೇಲೆ ಎರಡೂ ದಿಕ್ಕಿನ ಎಕ್ಸ್‌ರೇ ತೋರಿಸಿ ಎನ್ನಬಹುದು. ಇಂಪ್ಲಾಂಟ್ ಪೆಟ್ಟಿಗೆಯ ಮೇಲೆ ಕಂಪನಿ, ಅಳತೆ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ. ಅದರ ಒಂದು ಪ್ರತಿ ನಿಮ್ಮ ಕಡತಕ್ಕೆ ಅಂಟಿಸಿಕೊಳ್ಳಿ. ಮುಂದೆ ತೆಗೆಯಬೇಕಾದರೆ ಯಾವ ಸಾಧನ ಬೇಕು ಎಂದು ಗೊತ್ತಾಗುವುದು ಅದರಿಂದ.

ದುಬಾರಿ ರಾಡಿಗೆ ದುಡ್ಡು ಹೊಂದಿಸಲು ಎರಡು ಮೂರು ದಿನ ಕಾಯುವುದನ್ನಂತೂ ಮಾಡಬೇಡಿ. ಪುತ್ತೂರು ಕಟ್ಟು ಕಟ್ಟಿಸಿ ನೋಡೋಣ ಎಂದು ಹೊರಡುವುದೂ ಬೇಡ. ಕೈ ಮುರಿತಕ್ಕೆ ಕಟ್ಟು ಕಟ್ಟಿದ ಹಾಗೆ ಇದಕ್ಕೆ ಆಗುವುದಿಲ್ಲ. ಎಲ್ಲ ಮಾಂಸಖಂಡಗಳೂ ಎಳೆಯುವ ಈ ಜಾಗವನ್ನು ಹೊರಗಿನ ಯಾವ ಕಟ್ಟೂ ಹಿಡಿಯಲಾರದು. ಹಾಸಿಗೆ ಹಿಡಿದರೆ ಬೆನ್ನುಹುಣ್ಣು, ಎದೆಯ ಸೋಂಕು, ಕಾಲಿನ ರಕ್ತನಾಳದಲ್ಲಿ ಹೆಪ್ಪು, ಒಂದಾದ ಮೇಲೊಂದು ಬರುತ್ತವೆ. 17 ದೇಶಗಳ 2,970 ರೋಗಿಗಳ ಹಿಪ್ ಅಟ್ಯಾಕ್ ಅಧ್ಯಯನ 2020ರಲ್ಲಿ ಬಂತು. ಅದರಲ್ಲಿ ಕೂಡಲೇ ಆಪರೇಷನ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ಆದರೆ ಬುದ್ಧಿ ಕಲಸಿಹೋಗುವುದು ಕಡಿಮೆಯಾಯಿತು, ಎದ್ದು ನಿಲ್ಲುವುದು ಬೇಗ ಆಯಿತು.

ದೊಡ್ಡಮ್ಮನಿಗೆ ಎರಡನೇ ಸಾಲಿನ ರಾಡ್ ಹಾಕಿದರು, ನಮ್ಮ ದೇಶದ್ದು. ಮಾರನೇ ದಿನ ಸರ್ಜನ್ ಫೋನಿನಲ್ಲಿ ಚಿತ್ರ ತೋರಿಸಿ, ಮುಂದಿನಿಂದ 9, ಪಕ್ಕದಿಂದ 11 ಮಿಲಿಮೀಟರ್ ಎಂದರು. ಅಂದೇ ವಾಕರ್ ಹಿಡಿಸಿ ನಿಲ್ಲಿಸಿದರು. ಆರು ವಾರದ ಎಕ್ಸ್‌ರೇಯಲ್ಲಿ ಸ್ಕ್ರೂ ಸ್ವಲ್ಪ ಹಿಂದಕ್ಕೆ ಜಾರಿತ್ತು, ತುಂಡುಗಳು ಒತ್ತಿಕೊಂಡಿದ್ದವು. ಬಲಗಾಲು ಒಂದು ಸೆಂಟಿಮೀಟರಿನಷ್ಟು ಗಿಡ್ಡವಾಗಿದೆ. ಸಂತೆ ಬೀದಿಯಲ್ಲಿ ಕೂರುವ ಚಮ್ಮಾರರು ಬಲಗಾಲಿನ ಚಪ್ಪಲಿಗೆ ಇನ್ನೊಂದು ಪದರ ರಬ್ಬರ್ ಅಂಟಿಸಿ ಕೊಟ್ಟರು. ಅದನ್ನು ಹಾಕಿಕೊಂಡು ಈಗ ತುಳಸಿಕಟ್ಟೆಯವರೆಗೆ ಒಬ್ಬರೇ ಹೋಗಿ ಬರುತ್ತಾರೆ.